ಸಂಗೀತ ಮೇಷ್ಟ್ರು ತಯಾರಾದ ಬಗೆ

ಶಾಲೆಯ ಚರಿತ್ರೆ ಬರೆಯುವಾಗ ಕಟ್ಟಡ, ಫಲಿತಾಂಶ, ಮುಖ್ಯೋಪಾಧ್ಯಾಯರ ಹೆಸರುಗಳು ದಾಖಲಾಗುತ್ತವೆ. ಪ್ರಾರ್ಥನೆ ಹೇಳಿಕೊಡುವವರು ಎಲ್ಲಿ, ಹೇಗೆ ಕಲಿತರು ಎಂಬುದು ದಾಖಲಾಗುವುದು ಅಪರೂಪ. ದೊಡ್ಡನೆಕ್ಕುಂದಿಯ ಈ ಸುವರ್ಣ ಸಂಚಿಕೆಯಲ್ಲಿ ಅದನ್ನಿಷ್ಟು ನೆನೆಯೋಣ.

ಹಿಂದೆ ಸಂಗೀತ ಬೇಕೆಂದರೆ ಗುರುವಿನ ಮನೆಯಲ್ಲಿದ್ದು ಕಲಿಯಬೇಕಿತ್ತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಅಂಧ ಹಾಗೂ ಬಡ ಮಕ್ಕಳಿಗೆ ಅನ್ನ ಕೊಟ್ಟು ವಿದ್ಯೆ ಕಲಿಸಿದರು. ಅಲ್ಲಿ ಕಲಿತವರಿಗೆ ಸಂಗೀತವೇ ಬದುಕಿನ ಆಸರೆಯಾಯಿತು.

ಆಮೇಲೆ ಕಾಲೇಜು ಶಿಕ್ಷಣ ಬಂತು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸಂಗೀತ, ನೃತ್ಯಗಳಿಗೆ ಕಾಲೇಜು ತೆರೆಯಿತು. ಮುಂದೆ ಅದು ಲಲಿತಕಲಾ ಕಾಲೇಜು ಎನಿಸಿತು. ಹಾಡುಗಾರಿಕೆಯ ಜೊತೆಗೆ ಶಾಸ್ತ್ರ, ಚರಿತ್ರೆಗಳೂ ಪಾಠವಾದವು. ಕಾಲೇಜಿಗೆ ಹೋಗಲಾಗದವರಿಗೆ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿಯ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ದಾರಿಯಾದವು.

ಆದರೆ ಕಛೇರಿ ಮಾಡುವುದು ಬೇರೆ, ಐವತ್ತು ಮಕ್ಕಳಿಗೆ ಕಲಿಸುವುದು ಬೇರೆ. ಎಲ್ಲರ ಕಂಠಕ್ಕೂ ಹೊಂದುವ ಶ್ರುತಿ ಹಿಡಿಯಬೇಕು. ದನಿ ಒಡೆಯುವ ವಯಸ್ಸಿನ ಹುಡುಗರನ್ನು ಗದರದೆ ಹಾಡಿಸಬೇಕು. ತಾಳ ತಪ್ಪಿದವರನ್ನು ಬಿಟ್ಟು ಮುಂದೆ ಹೋಗಬಾರದು. ವಿದ್ವತ್ ಮುಗಿಸಿದವರೂ ಪುರಂದರದಾಸರು ಹಾಕಿಕೊಟ್ಟರೆನ್ನುವ ಮಾಯಾಮಾಳವಗೌಳದ ಸರಳೆ ವರಸೆಯಿಂದಲೇ ಪಾಠ ಶುರುಮಾಡಬೇಕು.

ಇಂದು ಅನೇಕ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಂಗೀತ ಶಿಕ್ಷಕರಿಲ್ಲ. ಕನ್ನಡ ಮೇಷ್ಟ್ರೋ ವಿಜ್ಞಾನದ ಮೇಡಮ್ಮೋ ನಾಡಗೀತೆ ಹೇಳಿಕೊಡುತ್ತಾರೆ. ಶುಲ್ಕ ಕೊಟ್ಟು ಮನೆಪಾಠಕ್ಕೆ ಹೋಗಲಾಗದ ಮಗುವಿಗೆ ಶಾಲೆ ಬಿಟ್ಟರೆ ಬೇರೆ ಗುರುಮನೆಯಿಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ಸಂಗೀತ ಬಲ್ಲವರು ವಾರಕ್ಕೊಂದು ಗಂಟೆ ಶಾಲೆಗೆ ಕೊಟ್ಟರೆ, ಅದಕ್ಕಿಂತ ಒಳ್ಳೆಯ ಸುವರ್ಣ ಕಾಣಿಕೆ ಇನ್ನೊಂದಿಲ್ಲ.