ಕಾವಲಿನ ಹಸು, ಕಾಲುವೆಯ ಎಮ್ಮೆ

ವಿಜಯವಾಡದ ಬಳಿ ಕೃಷ್ಣೆಗೆ ಅಡ್ಡಲಾಗಿ 1855ರಲ್ಲಿ ಮುಗಿದ ಅಣೆಕಟ್ಟಿನ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಭತ್ತದ ಲೆಕ್ಕವನ್ನು ಕೊಡುತ್ತಾರೆ. ದನದ ಗತಿ ಏನಾಯಿತೆಂದು ಕೇಳುವವರು ವಿರಳ. ಕಾಲುವೆಯ ನೀರು ಹರಿದಂತೆಲ್ಲ ಮೇವಿನ ನೆಲವು ಗದ್ದೆಯಾಯಿತು. ಮೇಯುತ್ತಿದ್ದ ದನವು ಗೂಟಕ್ಕೆ ಬಂದಿತು. ಅದರ ಮುಂದೆ ಭತ್ತದ ಹುಲ್ಲು ಬಿದ್ದಿತು. ಈ ಹುಲ್ಲು ಹೊಟ್ಟೆಯನ್ನು ತುಂಬೀತೇ ಹೊರತು ಕೆಚ್ಚಲನ್ನಲ್ಲ. ಅದರಲ್ಲಿ ಸಸಾರಜನಕವು ಅತ್ಯಲ್ಪ. ಮೇಲಾಗಿ ಅದರೊಳಗಿನ ಆಕ್ಸಲೇಟು ಸುಣ್ಣದ ಅಂಶವು ಮೈಗೆ ಹತ್ತದಂತೆ ಮಾಡುತ್ತದೆ. ತೆಲುಗು ರೈತರು ಇದಕ್ಕೆ ಕಂಡುಕೊಂಡ ಉಪಾಯವು ಮೆಚ್ಚತಕ್ಕದ್ದು. ಭತ್ತದ ಕೊಯ್ಲಿನ ತರುವಾಯ ಗದ್ದೆಯಲ್ಲಿ ಉಳಿದ ತೇವದಲ್ಲಿಯೇ ಅವರು ಪಿಲ್ಲಿಪೆಸರವೆಂಬ ಹೆಸರಿನ ಜಾತಿಯ ಬಳ್ಳಿಯನ್ನೂ ಅಪ್ಸೆಣಬನ್ನೂ ಬೆಳೆದು, ಒಣಹುಲ್ಲಿನೊಡನೆ ಬೆರೆಸಿ ತಿನ್ನಿಸಿದರು. ಒರಟು ಮೇವನ್ನು ಹಸುವಿಗಿಂತ ಚೆನ್ನಾಗಿ ಅರಗಿಸಿಕೊಳ್ಳುವ ಎಮ್ಮೆಗೆ ಈ ನಾಡು ಒಗ್ಗಿತು. ಕರಿಯ ಚರ್ಮದ, ಬೆವರುವ ಶಕ್ತಿ ಕಡಮೆಯಾದ ಆ ಪ್ರಾಣಿಗೆ ಮಧ್ಯಾಹ್ನದಲ್ಲಿ ಮುಳುಗಿ ಮಲಗಲು ಕಾಲುವೆಯೂ ಇದ್ದಿತು.

ಮೈಸೂರು ಸೀಮೆಯಲ್ಲಿ ನಡೆದದ್ದು ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ಮೇವನ್ನು ದನದ ಬಳಿಗೆ ತರದೆ, ದನವನ್ನೇ ಮೇವಿನ ಬಳಿಗೆ ಒಯ್ದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ'ಯೆನಿಸಿ, ಟಿಪ್ಪುವಿನ ಕಾಲದಲ್ಲಿ 'ಅಮೃತಮಹಲ್' ಎಂಬ ಹೆಸರನ್ನು ಪಡೆದ ಇಲಾಖೆಯು, ಹೆಸರು ಬೆಣ್ಣೆಯದಾದರೂ, ಖ್ಯಾತಿಗೆ ಬಂದದ್ದು ಫಿರಂಗಿಯೆಳೆಯುವ ಎತ್ತುಗಳಿಂದ. ಅದರ ಕಾವಲುಗಳು ಮಳೆಗಾಲ, ಚಳಿಗಾಲ, ಬೇಸಿಗೆಯೆಂದು ಬೇರೆ ಬೇರೆಯಾಗಿದ್ದವು. ಮಳೆ ನಿಂತು ತೆರೆದ ಬಯಲಿನಲ್ಲಿ ಹುಲ್ಲೂ ನೀರೂ ಬತ್ತುತ್ತಲೇ ಹಿಂಡುಗಳು ಬೇಸಿಗೆಯ ಕಾವಲಿಗೆ ಸಾಗುತ್ತಿದ್ದವು. ಮರದ ನೆರಳು, ಕೆರೆಯಂಗಳದ ಹಸುರು, ಬತ್ತದ ನೀರು ಇದ್ದ ನೆಲವೇ ಬೇಸಿಗೆಯ ಕಾವಲು. ಆಕಳ ಸೌಖ್ಯವು ಇಲ್ಲಿ ದಯೆಯ ಮಾತಾಗಿರಲಿಲ್ಲ, ರಾಜ್ಯದ ಕೆಲಸವಾಗಿದ್ದಿತು. ಮದರಾಸಿನ ಗವರ್ನರನಾಗಿದ್ದ ಸರ್ ಚಾರ್ಲ್ಸ್ ಟ್ರೆವೆಲಿಯನ್ 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಹಿಂಡುಗಳನ್ನು ಮಾರಿಸಿದನು. ಒಳ್ಳೆಯ ಎತ್ತುಗಳು ಸಿಗದಾಗಲು, 1866ರಲ್ಲಿ ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. ಉಳಿತಾಯವೆಂದರೆ ಇದೇ ಇರಬೇಕು!

ಸ್ವಾತಂತ್ರ್ಯಾನಂತರ ಆಂಧ್ರತೀರಕ್ಕೆ ಬಂದದ್ದು ಮೂರನೆಯ ಪದ್ಧತಿ. ಯುನಿಸೆಫ್ ನೆರವಿನಿಂದ ವಿಜಯವಾಡದಲ್ಲಿ ಹಾಲಿನ ಪದಾರ್ಥಗಳ ಕಾರ್ಖಾನೆಯು 1969ರಲ್ಲಿ ಆರಂಭವಾಯಿತು; ವಿಶಾಖಪಟ್ಟಣದ ಡೇರಿಯು 1973ರಲ್ಲಿ. ಹಾಲಿಗೆ ಜಿಡ್ಡಿನ ಅಳತೆಯ ಮೇಲೆ ಬೆಲೆ ಕಟ್ಟಿದ ಕಾರಣ ಎಮ್ಮೆಯ ಸ್ಥಾನವು ಇನ್ನಷ್ಟು ಗಟ್ಟಿಯಾಯಿತು. ಜೊತೆಗೆ, ಹೆಚ್ಚು ಹಾಲಿನ ಆಸೆಯಿಂದ ಜರ್ಸಿ ಮೊದಲಾದ ಸೀಮೆ ತಳಿಗಳ ಮಿಶ್ರಸಂತಾನವೂ ಬಂದಿತು. ತಂಪುನಾಡಿನ ರಕ್ತವುಳ್ಳ ಈ ಹಸುವಿಗೆ ವಿಶಾಖಪಟ್ಟಣದ ಹವೆಯು ಶತ್ರು. ಅಲ್ಲಿ ಕಾಟ ಕೊಡುವುದು ಬಿಸಿಲಿಗಿಂತ ಹೆಚ್ಚಾಗಿ ಕಡಲ ತೇವ. ಬೆವರು ಆರದೆ ಮೈಯ ಕಾವು ಹೊರಹೋಗದು. ಆಗ ಹಸು ಮೇವು ಬಿಡುತ್ತದೆ, ಬಾಯಿ ತೆರೆದು ಏದುತ್ತದೆ, ಹಾಲು ಇಳಿಯುತ್ತದೆ, ಗರ್ಭ ನಿಲ್ಲದು. ಮೈಮೇಲೆ ನೀರೆರಚಿದರೆ ಸಾಕೆಂಬ ನಂಬಿಕೆಯುಂಟು. ಗಾಳಿಯಾಡದ ಕೊಟ್ಟಿಗೆಯಲ್ಲಿ ಅದರಿಂದ ತೇವ ಹೆಚ್ಚುವುದೇ ಹೊರತು ಕಾವು ಇಳಿಯದು. ಎತ್ತರದ ಮಾಡು, ಪಕ್ಕಗಳಲ್ಲಿ ತೆರಪು, ಹಗಲಿರುಳೂ ಬಾಯಿಗೆಟುಕುವ ನೀರು, ತಂಪು ಹೊತ್ತಿನಲ್ಲಿ ಮೇವು: ಇವು ಮೊದಲು ಬೇಕಾದವು. ಹಾಲಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಮೀರಿದ ಭಾಗ ನೀರೇ ಇರುವಾಗ, ದಿನಕ್ಕೆರಡು ಸಲ ಬಕೀಟು ತೋರಿಸುವುದರಿಂದ ಏನಾದೀತು?

ನೆರಳು, ಹಸುರು, ನೀರು ಎಂಬ ಬೇಸಿಗೆಯ ಕಾವಲಿನ ಮೂರು ಲಕ್ಷಣಗಳನ್ನೇ ಇಂದಿನ ಕೊಟ್ಟಿಗೆಯು ತಗಡು, ಕೊಳವೆ, ಬೀಸಣಿಗೆಗಳಿಂದ ಕೂಡಿಸಲು ಹೆಣಗುತ್ತಿದೆ. ಆ ಕಾವಲುಗಳಾದರೋ ಸಾಗುವಳಿಗೂ ಬೇರೆ ಬೇರೆ ಉದ್ದೇಶಗಳಿಗೂ ಹಂಚಿಹೋಗಿ ಬಹಳವಾಗಿ ಕುಗ್ಗಿವೆ. ಚಳ್ಳಕೆರೆಯ ಸುತ್ತಣ ಸಾವಿರಾರು ಎಕರೆಗಳು ಈ ಶತಮಾನದಲ್ಲಿಯೇ ರಕ್ಷಣಾ ಹಾಗೂ ವಿಜ್ಞಾನ ಸಂಸ್ಥೆಗಳಿಗೆ ಸಂದಿವೆ.