ಸ್ಕ್ಯಾನ್ ರಿಪೋರ್ಟಿನಲ್ಲಿ ಬಂದ ಹಳದಿ ಚೀಲ

ಹೋದ ವಾರ ನನ್ನ ಸೊಸೆ ಆರು ವಾರದ ಸ್ಕ್ಯಾನ್ ಮಾಡಿಸ್ಕೊಂಡು ಬಂದ್ಲು. ರಿಪೋರ್ಟನ್ನ ಊಟದ ಮೇಜಿನ ಮೇಲಿಟ್ಟು ಕೈಕಾಲು ತೊಳೆಯೋಕೆ ಹೋದಳೋ ಇಲ್ಲವೋ, ಗಾಂಧಿ ಬಜಾರಿನ ನಮ್ಮತ್ತಿಗೆ ಕನ್ನಡಕ ಹಾಕ್ಕೊಂಡು ಓದೋಕೆ ಶುರು ಮಾಡಿದ್ರು. ಒಂದು ಕಡೆ ಬಂದು ನಿಂತುಬಿಟ್ರು. "ಇದೇನೇ, ಯೋಕ್ ಸ್ಯಾಕ್ ಕಾಣಿಸ್ತಿದೆ ಅಂತ ಬರೆದಿದ್ದಾರೆ? ಯೋಕ್ ಅಂದ್ರೆ ಮೊಟ್ಟೆ ಹಳದಿ ಅಲ್ವಾ? ನಮ್ಮನೇಲಿ ಯಾರು ಮೊಟ್ಟೆ ತಿಂದೋರು?"

ನಗು ಬಂತು, ಆದ್ರೆ ನಗಲಿಲ್ಲ. ಎರಡು ವರ್ಷದ ಹಿಂದೆ ಇದೇ ಹುಡುಗಿಗೆ ಎಂಟನೇ ವಾರದಲ್ಲಿ ನಿಂತುಹೋಗಿತ್ತು. ಆಗ ಬಂದ ಮಾತುಗಳು ನಿಮಗೂ ನೆನಪಿರಬೇಕು, ಆಡಿದವರು ನಮ್ಮ ಪೈಕಿಯವರೇ. ಹಾಸ್ಟೆಲಿನಲ್ಲಿದ್ದಾಗ ಮೊಟ್ಟೆ ತಿಂದು ಉಷ್ಣವಾಗಿದೆ ಅಂತ ಒಬ್ಬರು. ಮದುವೆಯಾದ ಮೇಲೆ ಮೊಟ್ಟೆ ಬಿಟ್ಟಿದ್ದಕ್ಕೇ ಶಕ್ತಿಯಿಲ್ಲದೆ ಹೀಗಾಯ್ತು ಅಂತ ಇನ್ನೊಬ್ಬರು. ಅವಳು ಪಾಪ, ಎರಡನ್ನೂ ನಂಬಿಕೊಂಡು ತಿಂಗಳುಗಟ್ಟಲೆ ಮಂಕಾಗಿದ್ದಳು.

ಅದಕ್ಕೇ ಈ ಸಲ ಉಪ್ಪಿನಕಾಯಿ ವಿಷಯ ಬಿಟ್ಟು ಹಳದಿಯ ಚರಿತ್ರೆ ಬರೀತಿದ್ದೀನಿ. ಅದರ ಒಂದು ದೊಡ್ಡ ಅಧ್ಯಾಯ ನಡೆದದ್ದು ನಮ್ಮೂರಲ್ಲೇ, ಮಲ್ಲೇಶ್ವರದ ಹದಿನೆಂಟನೇ ಕ್ರಾಸ್ ದಾಟಿ ಸ್ವಲ್ಪ ಮುಂದೆ, ನಾವು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುವ ವಿಜ್ಞಾನ ಸಂಸ್ಥೆಯ ಕಾಂಪೌಂಡಿನೊಳಗೆ.

ಮೊದಲು ಕೋಳಿ ವಿಷಯ ಹೇಳಿಬಿಡ್ತೀನಿ. ಹಳದಿ ಮೊಟ್ಟೆಯೊಳಗೇ ಹುಟ್ಟುತ್ತೆ ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ, ಅದು ತಯಾರಾಗೋದು ತಾಯಿಕೋಳಿಯ ಲಿವರಿನಲ್ಲಿ. ಹೇಂಟೆ ಬಲಿತಾಗ ಅಂಡಾಶಯದಿಂದ ಈಸ್ಟ್ರೋಜನ್ ಹೊರಡುತ್ತೆ. ಅದು ಲಿವರಿಗೆ ತಲುಪಿದ ಕೂಡಲೇ ಲಿವರ್ ತನ್ನ ಮಾಮೂಲು ಕೆಲಸದ ಜೊತೆಗೆ ವೈಟೆಲ್ಲೋಜೆನಿನ್ ಅನ್ನೋ ಪ್ರೋಟೀನನ್ನೂ ಕೊಬ್ಬಿನ ಸಣ್ಣಸಣ್ಣ ಪೊಟ್ಟಣಗಳನ್ನೂ ರಾಶಿರಾಶಿ ಮಾಡಿ ರಕ್ತಕ್ಕೆ ಬಿಡುತ್ತೆ. ರಕ್ತದಲ್ಲಿ ಹರಿದುಬಂದಿದ್ದನ್ನ ಅಂಡಾಶಯದಲ್ಲಿ ಬೆಳೀತಿರೋ ಅಂಡ ಒಳಕ್ಕೆ ಎಳೆದುಕೊಂಡು, ಒಡೆದು, ಜೋಡಿಸಿಟ್ಟುಕೊಳ್ಳುತ್ತೆ. ಕಬ್ಬಿಣ, ಸುಣ್ಣದಂಶ, ವಿಟಮಿನ್ನು ಎಲ್ಲವೂ ಹೀಗೆ ತಾಯಿಯ ರಕ್ತದ ದಾರಿಯಲ್ಲೇ ಬರೋದು. ಕೊನೆಯ ಏಳೆಂಟು ದಿನದಲ್ಲಿ ಹಳದಿ ಭರಭರ ಉಬ್ಬುತ್ತೆ. ಆಮೇಲೆ ಅಂಡ ಕಳಚಿಕೊಂಡು ನಾಳದಲ್ಲಿ ಇಳೀತಾ ಬಿಳಿ ಹೊದ್ದು, ಪೊರೆ ಹೊದ್ದು, ಕೊನೆಗೆ ಸುಮಾರು 20 ಗಂಟೆ ಕೂತು ಚಿಪ್ಪು ಕಟ್ಟಿಸಿಕೊಂಡು ಹೊರಬರುತ್ತೆ. ಹುಂಜ ಇರಲಿ ಬಿಡಲಿ, ಇಷ್ಟೂ ನಡೆಯುತ್ತೆ. ಅಂಗಡಿಗೆ ಬರುವ ಫಾರಂ ಮೊಟ್ಟೆಯಲ್ಲಿ ಮರಿ ಇರಲ್ಲ, ಮರಿಗೆ ಅಂತ ಕಟ್ಟಿಟ್ಟ ಬುತ್ತಿ ಮಾತ್ರ ಇರುತ್ತೆ.

ಬುತ್ತಿ ಅಂದದ್ದು ಸುಮ್ಮನೆ ಅಲ್ಲ. 21 ದಿನ ಮರಿ ತಿನ್ನೋದು ಅದನ್ನೇ. ಮೊಟ್ಟೆ ಒಡೆಯೋ ಮುಂಚೆ ಉಳಿದ ಹಳದಿಯನ್ನ ಹೊಟ್ಟೆಯೊಳಗೇ ಎಳೆದುಕೊಂಡುಬಿಡುತ್ತೆ. ಆದ್ದರಿಂದಲೇ ಒಂದು ದಿನದ ಮರಿಗಳನ್ನ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ, ಕಾಳು ನೀರು ಇಲ್ಲದೆ ಊರಿಂದೂರಿಗೆ ಕಳಿಸೋಕಾಗೋದು.

ಇನ್ನು ಆ ಬುತ್ತಿಯಲ್ಲಿರೋ ಒಂದು ಚಿಟಿಕೆ ಪದಾರ್ಥದ ವಿಷಯ. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಮೂತ್ರ ಗಾಢ ಹಳದಿಯಾಗುತ್ತಲ್ಲ, ಅದಕ್ಕೆ ಕಾರಣ ರೈಬೋಫ್ಲೇವಿನ್, ಬಿ2. ಮೊಸರು ಕದಡಿದಾಗ ಮೇಲೆ ನಿಲ್ಲೋ ತಿಳಿನೀರಿನ ಹಸಿರುಹಳದಿ ಛಾಯೆಯೂ ಅದರದ್ದೇ. 1933ರಲ್ಲಿ ಜರ್ಮನಿಯ ರಿಚರ್ಡ್ ಕೂನ್ ಮತ್ತು ಜೊತೆಯವರು ಮೊಟ್ಟೆಯ ಬಿಳಿಯಿಂದ ತೆಗೆದದ್ದಕ್ಕೆ ಓವೋಫ್ಲೇವಿನ್ ಅಂತಲೂ, ಹಾಲಿನ ತಿಳಿಯಿಂದ ತೆಗೆದದ್ದಕ್ಕೆ ಲ್ಯಾಕ್ಟೋಫ್ಲೇವಿನ್ ಅಂತಲೂ ಹೆಸರಿಟ್ಟರು. ಆಮೇಲೆ ನೋಡಿದರೆ ಎರಡೂ ಒಂದೇ! ಮೊಟ್ಟೆ ಬಾಣಲೆಯನ್ನ ಹಿತ್ತಿಲ ಕಲ್ಲಿನ ಮೇಲೆ ಬೇರೆ ಇಟ್ಟು, ಮೊಸರಿನ ಪಾತ್ರೆಯನ್ನ ದೇವರಮನೆ ಪಕ್ಕ ಇಡೋ ನಮ್ಮಂಥವರಿಗೆ ಇದು ತಮಾಷೆಯಾಗೇ ಕಾಣಬೇಕು.

1950ರ ದಶಕದಲ್ಲಿ ಅಮೆರಿಕದಲ್ಲಿ ಒಂದು ವಿಚಿತ್ರವಾದ ಕೋಳಿ ತಳಿ ಕಂಡುಬಂತು. ಹೇಂಟೆಗಳು ಗಟ್ಟಿಮುಟ್ಟಾಗಿದ್ದವು, ಮೊಟ್ಟೆಯನ್ನೂ ಚೆನ್ನಾಗಿಯೇ ಇಡ್ತಿದ್ದವು. ಕಾವು ಕೊಟ್ಟರೆ ಮಾತ್ರ 13-14ನೇ ದಿನಕ್ಕೆ ಒಳಗಿನ ಮರಿ ಸತ್ತುಹೋಗ್ತಿತ್ತು. ಎಷ್ಟು ಒಳ್ಳೆಯ ಮೇವು ಹಾಕಿದ್ರೂ ಅಷ್ಟೇ. ತಾಯಿ ತಿಂದ ರೈಬೋಫ್ಲೇವಿನ್ ಮೊಟ್ಟೆಗೆ ತಲುಪ್ತಾನೇ ಇರಲಿಲ್ಲ. ಅದನ್ನ ಹೊತ್ತುಕೊಂಡು ಹೋಗೋ ಪ್ರೋಟೀನೇ ಆ ಕೋಳಿಗಳಲ್ಲಿ ಇರಲಿಲ್ಲ. ಮೊಟ್ಟೆಗೆ ಸೂಜಿಯಿಂದ ರೈಬೋಫ್ಲೇವಿನ್ ಹಾಕಿದರೆ ಮರಿ ಬದುಕ್ತಿತ್ತು. ತಾಯಿ ತಿಂದಿದ್ದು ಒಂದು, ಮರಿಗೆ ಮುಟ್ಟಿದ್ದು ಇನ್ನೊಂದು. ನಮ್ಮ ಅತ್ತೆಯಂದಿರು ಬಸುರಿಯ ತಟ್ಟೆಯನ್ನ ಲೆಕ್ಕ ಹಾಕೋರು, ದಾರಿಯ ಲೆಕ್ಕ ಯಾರಿಗೆ ಗೊತ್ತಿತ್ತು?

ಆ ಹೊರೆಯಾಳಿನ ಹಿಂದೆ ಬಿದ್ದವರು ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ಜೀವರಸಾಯನ ವಿಭಾಗದ ಪೆರ್ಡೂರು ರಾಧಾಕಾಂತ ಅಡಿಗರು. (ಅಡುಗೆಮನೆಗೆ ಇವರ ಋಣ ಇನ್ನೊಂದಿದೆ. ತೊಗರಿಬೇಳೆಗೆ ಬೆರಸ್ತಾರೆ ಅಂತ ನಾವು ಹೆದರೋ ಕೇಸರಿಬೇಳೆಯಲ್ಲಿ ಕಾಲಿನ ಶಕ್ತಿ ಕುಂದಿಸೋ ವಿಷ ಯಾವುದು ಅಂತ 1964ರಲ್ಲಿ ಇದೇ ವಿಭಾಗದಲ್ಲಿ ಬೇರ್ಪಡಿಸಿ ತೋರಿಸಿದ ಮೂವರಲ್ಲಿ ಅವರೂ ಒಬ್ಬರು.) 1970ರ ದಶಕದಲ್ಲಿ ಅಡಿಗರೂ ಅವರ ವಿದ್ಯಾರ್ಥಿಗಳೂ ಎಳೆಯ ಕೋಳಿಮರಿಗಳಿಗೆ ಈಸ್ಟ್ರೋಜನ್ ಕೊಟ್ಟು, ಅವುಗಳ ಲಿವರ್ ಈ ಪ್ರೋಟೀನನ್ನ ತಯಾರಿಸೋದನ್ನ ಅಳೆದು ನೋಡಿದರು. ಆಮೇಲೆ ಒಂದು ಪ್ರಶ್ನೆ ಹಾಕಿಕೊಂಡರು. ಕೋಳಿ ಹಳದಿಗೆ ತುಂಬುತ್ತೆ ಸರಿ, ಹಳದಿಯೇ ಇಲ್ಲದೆ ಹೊಟ್ಟೆಯೊಳಗೇ ಮಗು ಬೆಳೆಸೋ ಪ್ರಾಣಿಗಳಲ್ಲಿ?

ಹುಡುಕಿದರು. 1980ರಲ್ಲಿ ಬಸುರಿ ಇಲಿಯ ರಕ್ತದಲ್ಲಿ ಅಂಥದ್ದೇ ಪ್ರೋಟೀನು ಸಿಕ್ಕಿದ್ದನ್ನ ಪ್ರಕಟಿಸಿದರು. ಅದೇ ವರ್ಷ ಅಡಿಗರಿಗೆ ಭಟ್ನಾಗರ್ ಪ್ರಶಸ್ತಿ ಬಂತು. 1982ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಪ್ರಯೋಗ ಓದುವಾಗ ನನಗೆ ಸ್ವಲ್ಪ ಸಂಕಟವಾಯ್ತು. ಕೋಳಿಮೊಟ್ಟೆಯಿಂದ ತೆಗೆದ ಪ್ರೋಟೀನನ್ನ ಲಸಿಕೆಯ ಹಾಗೆ ಇಲಿಗಳಿಗೆ ಚುಚ್ಚಿದಾಗ, ಅವುಗಳ ಮೈ ತನ್ನ ಸ್ವಂತ ಹೊರೆಯಾಳನ್ನೂ ತಡೆದು ಬಸಿರು ನಿಲ್ಲದೆ ಹೋಯಿತು. ಹೆಂಗಸರಿಗೆ ಗರ್ಭನಿರೋಧಕ ಲಸಿಕೆಯಾದೀತೇ ಅನ್ನೋದು ಅವರ ಯೋಚನೆ. ಮಂಗಗಳ ಮೇಲೂ ವರ್ಷಗಟ್ಟಲೆ ಕೆಲಸ ನಡೆಯಿತು. ಲಸಿಕೆ ಮಾತ್ರ ಪೇಟೆಗೆ ಬರಲಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು 1987ರ ಪ್ರಬಂಧ, ಅಡಿಗರ ಜೊತೆ ಸಂಧ್ಯಾ ವಿಶ್ವೇಶ್ವರಯ್ಯ ಬರೆದದ್ದು. ಬಸುರಿ ಹೆಂಗಸರ ರಕ್ತದಲ್ಲೂ ಮಗುವಿನ ಹೊಕ್ಕುಳಬಳ್ಳಿಯ ರಕ್ತದಲ್ಲೂ ರೈಬೋಫ್ಲೇವಿನ್ ಹೊರೋ ಪ್ರೋಟೀನನ್ನ ಬೇರ್ಪಡಿಸಿ, ಅದು ಕೋಳಿಮೊಟ್ಟೆಯದನ್ನ ಹೋಲುತ್ತೆ ಅಂತ ತೋರಿಸಿದರು. ನಾವೆಲ್ಲ ಬಸುರಿ ಬಾಣಂತಿ ಅಂತ ಓಡಾಡ್ತಿದ್ದ ಕಾಲ ಅದು. ಹೊಕ್ಕುಳಬಳ್ಳಿಯನ್ನ ಕತ್ತರಿಸಿ ಎಸೆಯೋದು ಬಿಟ್ಟು ಬೇರೇನು ಗೊತ್ತಿತ್ತು ನಮಗೆ?

ಹಳದಿ ನಮ್ಮಿಂದ ಹೋದದ್ದೆಲ್ಲಿಗೆ ಅಂತ ಕೇಳ್ತೀರಾ? 2008ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ವೈಟೆಲ್ಲೋಜೆನಿನ್ ಜೀನುಗಳನ್ನ ಪ್ರಾಣಿಪ್ರಾಣಿಯಲ್ಲೂ ಹುಡುಕಿದರು. ಕೋಳಿಯಲ್ಲಿ ಮೂರು. ಮೊಟ್ಟೆಯನ್ನೂ ಇಟ್ಟು ಹಾಲನ್ನೂ ಕುಡಿಸೋ ಪ್ಲಾಟಿಪಸ್‌ನಲ್ಲಿ ಕೆಲಸ ಮಾಡೋದು ಒಂದು. ನಮ್ಮಲ್ಲಿ ಮುರಿದ ಚೂರುಗಳಷ್ಟೇ ಉಳಿದಿವೆ. ಹಾಲು ಬಂದಮೇಲೆ ಹಳದಿಯ ಅವಶ್ಯಕತೆ ಕಮ್ಮಿಯಾಗ್ತಾ ಹೋಗಿ, ಕೊನೆಗೆ ಕಳಚಿಕೊಂಡಿತು.

ಚೀಲ ಮಾತ್ರ ಉಳಿದಿದೆ. ಸೊಸೆಯ ರಿಪೋರ್ಟಿನಲ್ಲಿರೋದು ಅದೇ. ಅದರಲ್ಲಿ ಹಳದಿ ತುಂಬಿಲ್ಲದಿದ್ರೂ ಕೆಲಸವಿದೆ. ಮಗುವಿನ ಮೊದಲ ರಕ್ತಕಣಗಳು ಹುಟ್ಟೋದು ಅದರ ಗೋಡೆಯಲ್ಲಿ. ಮುಂದೆ ಆ ಮಗುವಿನ ಅಂಡವೋ ವೀರ್ಯವೋ ಆಗಬೇಕಾದ ಕಣಗಳೂ ಮೊದಲು ಕಾಣಿಸಿಕೊಳ್ಳೋದು ಅಲ್ಲೇ. ಇದನ್ನೆಲ್ಲ ಅತ್ತಿಗೆಗೆ ಹೇಳಿದೆ. ಸೊಸೆಗೆ ಇನ್ನೊಂದು ಮಾತೂ ಹೇಳಿದೆ, ಡಾಕ್ಟರೂ ಆಗ ಅದನ್ನೇ ಹೇಳಿದ್ರು, ನಮ್ಮ ಗಲಾಟೆಯಲ್ಲಿ ಅವಳ ಕಿವಿಗೆ ಬಿದ್ದಿರಲಿಲ್ಲ: ಇಷ್ಟು ಬೇಗ ನಿಂತುಹೋಗೋ ಬಸಿರುಗಳಲ್ಲಿ ಸುಮಾರು ಅರ್ಧದಷ್ಟು ಭ್ರೂಣದ ವರ್ಣತಂತುಗಳ ಲೆಕ್ಕ ತಪ್ಪಿದ್ದರಿಂದಲೇ ಆಗೋದು. ಒಂದು ಮೊಟ್ಟೆ ತಿಂದದ್ದಕ್ಕೂ ಅಲ್ಲ, ಬಿಟ್ಟದ್ದಕ್ಕೂ ಅಲ್ಲ. ಅವಳು ಏನೂ ಹೇಳಲಿಲ್ಲ. ರಿಪೋರ್ಟನ್ನ ಮಡಿಚಿ ತನ್ನ ಬೀರುವಿನಲ್ಲಿಟ್ಟುಕೊಂಡ್ಲು.

ಮುಂದಿನ ಸ್ಕ್ಯಾನ್ ಹನ್ನೆರಡನೇ ವಾರಕ್ಕೆ. ಅಷ್ಟೊತ್ತಿಗೆ ಹಳದಿ ಚೀಲ ಕುಗ್ಗಿ ಕಾಣದಂತಾಗೋದೇ ಸರಿ, ರಿಪೋರ್ಟಿನಲ್ಲಿ ಅದರ ಹೆಸರಿಲ್ಲ ಅಂತ ಗಾಬರಿಯಾಗಬೇಡಿ ಅಂತ ಅತ್ತಿಗೆಗೆ ಈಗಲೇ ಹೇಳಿಟ್ಟಿದ್ದೀನಿ.