ವಿಂಡೋಸ್‌ನಲ್ಲಿ ಲೈಬ್ರರಿ ಕಟ್ಟುವ ಕಲೆ: ಮೂರು ದಶಕಗಳ ಹಾದಿ

2010ರ ಆಸುಪಾಸಿನಲ್ಲಿ ವಿಂಡೋಸ್ ಕಂಪ್ಯೂಟರಿನಲ್ಲಿ ಪೈಥಾನ್ ಕಲಿಯಲು ಹೊರಟವರಿಗೆ ಒಂದು ದೋಷ ಸಂದೇಶ ಬಾಯಿಪಾಠವಾಗಿತ್ತು: 'ವಿಸಿವಾರ್ಸ್‌ಆಲ್.ಬ್ಯಾಟ್ ಸಿಗುತ್ತಿಲ್ಲ.' ಕೇಳಿದ ಲೈಬ್ರರಿ ಸಿ ಭಾಷೆಯ ಮೂಲ ಕೋಡಿನ ರೂಪದಲ್ಲಿ ಬಂದಿಳಿದಿದೆ, ಅದನ್ನು ಇಲ್ಲೇ ಕಂಪೈಲ್ ಮಾಡಬೇಕು, ಆದರೆ ಮೈಕ್ರೋಸಾಫ್ಟ್ ಕಂಪೈಲರನ್ನು ಸಜ್ಜುಗೊಳಿಸುವ ಕಡತವೇ ಈ ಯಂತ್ರದಲ್ಲಿಲ್ಲ ಎಂಬುದು ಅದರ ಅರ್ಥ. ಪಕ್ಕದಲ್ಲೇ ಕುಳಿತು ಲಿನಕ್ಸ್ ಬಳಸುತ್ತಿದ್ದ ಗೆಳೆಯನಿಗೆ ಅದೇ ಲೈಬ್ರರಿ ಒಂದೇ ಆಜ್ಞೆಗೆ ದಕ್ಕುತ್ತಿತ್ತು. ವಿಂಡೋಸ್ ಬಳಕೆದಾರರ ಜಾಣ್ಮೆಗೂ ಈ ಅಂತರಕ್ಕೂ ಸಂಬಂಧವಿರಲಿಲ್ಲ. ಎರಡು ಲೋಕಗಳು ತಂತ್ರಾಂಶ ಹಂಚುವುದನ್ನು ಬೇರೆ ಬೇರೆ ಬಗೆಯಲ್ಲಿ ಕಲಿತದ್ದೇ ಅದಕ್ಕೆ ಕಾರಣ.

ಯೂನಿಕ್ಸ್ ಲೋಕದಲ್ಲಿ ಮೂಲ ಕೋಡೇ ವಿತರಣೆಯ ರೂಪವಾಗಿತ್ತು. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ 'ಮೇಕ್' ಬರೆದರು. 1991ರಲ್ಲಿ ಡೇವಿಡ್ ಮೆಕೆಂಜಿ 'ಆಟೋಕಾನ್ಫ್' ಆರಂಭಿಸಿದರು. ಇವೆರಡರ ಬಲದಿಂದ ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್ ಎಂಬ ಮೂರು ಆಜ್ಞೆಗಳ ವಾಡಿಕೆ ಬೇರೂರಿತು. ಕಂಪೈಲರ್ ಇದ್ದೇ ಇರುತ್ತದೆ, ಶೆಲ್ ಇದ್ದೇ ಇರುತ್ತದೆ, ಹೆಡರ್‌ಗಳಿಗೂ ಲೈಬ್ರರಿಗಳಿಗೂ ಗೊತ್ತುಪಡಿಸಿದ ಫೋಲ್ಡರುಗಳಿರುತ್ತವೆ ಎಂಬ ನಂಬಿಕೆಯ ಮೇಲೆ ಈ ವಾಡಿಕೆ ನಿಂತಿತ್ತು.

ವಿಂಡೋಸ್‌ನಲ್ಲಿ ಈ ಪೈಕಿ ಒಂದೂ ಇರಲಿಲ್ಲ. ಕಂಪೈಲರನ್ನು ಬೇರೆಯಾಗಿ ಕೊಳ್ಳಬೇಕಿತ್ತು. ಯೂನಿಕ್ಸ್ ಶೆಲ್ಲಿಗೆ ಬರೆದ ಸ್ಕ್ರಿಪ್ಟುಗಳನ್ನು ನಡೆಸುವ ಸಾಧನವಿರಲಿಲ್ಲ. 'ಪ್ರೋಗ್ರಾಂ ಫೈಲ್ಸ್' ಎಂಬ ಹೆಸರಿನ ನಡುವಿನ ಖಾಲಿ ಜಾಗವನ್ನು ಮೇಕ್ ಎರಡು ಪದಗಳೆಂದು ಓದಿ ಎಡವುತ್ತಿತ್ತು. ಕಡತದ ಪೂರ್ಣ ದಾರಿ 260 ಅಕ್ಷರ ಮೀರಿದರೆ ಬಿಲ್ಡ್ ಅರ್ಧಕ್ಕೇ ನಿಲ್ಲುತ್ತಿತ್ತು. ಆ ಮಿತಿಯನ್ನು ಸಡಿಲಿಸುವ ಆಯ್ಕೆ ಬಂದದ್ದು 2016ರ ವಿಂಡೋಸ್ 10 ಪರಿಷ್ಕರಣೆಯಲ್ಲಿ. ವಿಂಡೋಸ್‌ನ ಹಂಚಿಕೆಯ ಲೈಬ್ರರಿಯಾದ ಡಿಎಲ್‌ಎಲ್‌ನ ಸ್ವಭಾವವೂ ಬೇರೆ. ಲಿನಕ್ಸ್‌ನ ಹಂಚಿಕೆಯ ಲೈಬ್ರರಿಯಲ್ಲಿ ಫಂಕ್ಷನ್‌ಗಳು ಸಾಮಾನ್ಯವಾಗಿ ಹೊರಗೆ ತಾವಾಗಿಯೇ ಕಾಣುತ್ತವೆ. ಮೈಕ್ರೋಸಾಫ್ಟ್ ಕಂಪೈಲರಿನಲ್ಲಿ ಹೊರಗೆ ಕಾಣಬೇಕಾದ ಪ್ರತಿಯೊಂದನ್ನೂ ಹೆಸರಿಸಿ ಘೋಷಿಸಬೇಕು, ಲಿಂಕರಿಗೆಂದು ಬೇರೆಯೇ ಇಂಪೋರ್ಟ್ ಲೈಬ್ರರಿ ಕೊಡಬೇಕು. ಇದನ್ನು ಮರೆತವರ ಮುಂದೆ ಎಲ್‌ಎನ್‌ಕೆ 2019 ಎಂಬ ಲಿಂಕರ್ ದೋಷ ಸಾಲುಸಾಲಾಗಿ ಬಂದು ನಿಲ್ಲುತ್ತದೆ.

ಎರಡು ಸೇತುವೆಗಳು

ಮೊದಲ ದೊಡ್ಡ ಸೇತುವೆ ಕಟ್ಟಿದ್ದು ಸಿಗ್ನಸ್ ಸೊಲ್ಯೂಷನ್ಸ್. ವಿಂಡೋಸ್ ಎನ್‌ಟಿ ಮತ್ತು 95 ಬಳಸುವ ಆಬ್ಜೆಕ್ಟ್ ಕಡತದ ವಿನ್ಯಾಸ ಜಿಸಿಸಿ ಕಂಪೈಲರಿಗೆ ಆಗಲೇ ಪರಿಚಿತವಾದದ್ದು ಎಂಬುದನ್ನು ಆ ಸಂಸ್ಥೆಯ ಸ್ಟೀವ್ ಚೇಂಬರ್ಲೇನ್ ಗಮನಿಸಿದರು. 1995ರಲ್ಲಿ ಹುಟ್ಟಿದ ಸಿಗ್‌ವಿನ್ ಯೂನಿಕ್ಸ್‌ನ ವ್ಯವಹಾರಗಳನ್ನೆಲ್ಲ ಒಂದು ಡಿಎಲ್‌ಎಲ್‌ನೊಳಗೆ ಅಳವಡಿಸಿಕೊಂಡಿತು. ಓಡುತ್ತಿರುವ ಪ್ರೋಗ್ರಾಮಿನ ನಕಲು ಹುಟ್ಟಿಸುವ, ವಿಂಡೋಸ್‌ನಲ್ಲಿಲ್ಲದ 'ಫೋರ್ಕ್' ಕರೆಯನ್ನೂ ಅದು ಅನುಕರಿಸುತ್ತಿತ್ತು. ನಿಧಾನವಾದರೂ ಆ ಮೂರು ಆಜ್ಞೆಗಳು ವಿಂಡೋಸ್‌ನಲ್ಲಿ ಓಡತೊಡಗಿದವು. ಆದರೆ ಹೀಗೆ ಕಟ್ಟಿದ ಪ್ರತಿ ಪ್ರೋಗ್ರಾಮೂ ಆ ಡಿಎಲ್‌ಎಲ್‌ಗೆ ಅಂಟಿಕೊಂಡೇ ಇರಬೇಕಿತ್ತು.

ಈ ಅವಲಂಬನೆ ಬೇಡವೆಂದವರಿಗೆ 1998ರಲ್ಲಿ ಕಾಲಿನ್ ಪೀಟರ್ಸ್ ಹೊರತಂದ ಮಿಂಗ್‌ಡಬ್ಲ್ಯೂ ದಾರಿ ತೋರಿತು. ಅದೇ ಜಿಸಿಸಿಯಾದರೂ ವಿಂಡೋಸ್‌ನೊಂದಿಗೇ ಬರುವ ರನ್‌ಟೈಮ್ ಲೈಬ್ರರಿ ಬಳಸಿ ನೇರ ವಿಂಡೋಸ್ ಪ್ರೋಗ್ರಾಂ ತಯಾರಿಸುತ್ತಿತ್ತು. 64 ಬಿಟ್ ಯಂತ್ರಗಳಿಗಾಗಿ ಮುಂದೆ ಮಿಂಗ್‌ಡಬ್ಲ್ಯೂ-ಡಬ್ಲ್ಯೂ64 ಎಂಬ ಪ್ರತ್ಯೇಕ ಯೋಜನೆ ಬಂತು. ಇಂದು ಎಂಸಿಸ್2 ಈ ಕಂಪೈಲರುಗಳನ್ನೂ ಶೆಲ್ಲನ್ನೂ ಆರ್ಚ್ ಲಿನಕ್ಸ್‌ನ ಪ್ಯಾಕ್‌ಮನ್ ವ್ಯವಸ್ಥೆಯನ್ನೂ ಒಂದೇ ಕಡೆ ಕೊಡುತ್ತದೆ.

ಮೈಕ್ರೋಸಾಫ್ಟ್‌ನ ಸ್ವಂತ ಹಾದಿ ಬೇರೆಯೇ ಇತ್ತು. 1993ರಲ್ಲಿ ವಿಷುಯಲ್ ಸಿ++ ಮೊದಲ ಆವೃತ್ತಿ ಬಂತು. ಉಚಿತ ಎಕ್ಸ್‌ಪ್ರೆಸ್ ಆವೃತ್ತಿಗಾಗಿ ಜನ 2005ರ ಸರಣಿಯವರೆಗೆ ಕಾಯಬೇಕಾಯಿತು. ಅದಕ್ಕಿಂತ ಕಾಡಿದ್ದು ರನ್‌ಟೈಮ್ ಗೋಜಲು. ವಿಷುಯಲ್ ಸ್ಟುಡಿಯೋದ ಪ್ರತಿ ಪ್ರಮುಖ ಆವೃತ್ತಿಗೂ ತನ್ನದೇ ಸಿ ರನ್‌ಟೈಮ್ ಇತ್ತು. ಒಂದು ರನ್‌ಟೈಮಿನಿಂದ ಪಡೆದ ಮೆಮೊರಿಯನ್ನು ಇನ್ನೊಂದರ ಮೂಲಕ ಬಿಡಿಸಲು ಹೋದರೆ, ಒಂದು ಬ್ಯಾಂಕಿನಲ್ಲಿ ಪಡೆದ ಸಾಲವನ್ನು ಮತ್ತೊಂದರಲ್ಲಿ ಕಟ್ಟಲು ಹೋದಂತೆ ಲೆಕ್ಕ ತಪ್ಪಿ ಪ್ರೋಗ್ರಾಂ ಕುಸಿಯುತ್ತಿತ್ತು. ಹೀಗಾಗಿ 2008ರ ಕಂಪೈಲರಿನಲ್ಲಿ ಕಟ್ಟಿದ ಲೈಬ್ರರಿಯನ್ನು 2010ರ ಪ್ರಾಜೆಕ್ಟಿನಲ್ಲಿ ಭರವಸೆಯಿಂದ ಸೇರಿಸುವಂತಿರಲಿಲ್ಲ. ಆಧರಿಸಿದ ಎಲ್ಲವನ್ನೂ ಮತ್ತೆ ಕಟ್ಟಬೇಕಿತ್ತು. 2015ರಲ್ಲಿ ಯೂನಿವರ್ಸಲ್ ಸಿ ರನ್‌ಟೈಮ್ ಬಂದು, 2015ರಿಂದ 2022ರವರೆಗಿನ ಆವೃತ್ತಿಗಳು ಪರಸ್ಪರ ಹೊಂದಿಕೊಂಡ ಮೇಲೆ ಈ ನೋವು ಬಹುಮಟ್ಟಿಗೆ ಶಮನವಾಯಿತು. ಎಂಸಿಸ್2 ಕೂಡ 2022ರಲ್ಲಿ ಇದೇ ರನ್‌ಟೈಮನ್ನು ತನ್ನ ಮುಖ್ಯ ಆಯ್ಕೆಯಾಗಿಸಿಕೊಂಡಿತು.

ಒಂದೇ ವಿವರಣೆ, ಹಲವು ಯಂತ್ರ

ಲೈಬ್ರರಿ ಬರೆಯುವವರ ಪಾಡೂ ಸುಲಭದ್ದಾಗಿರಲಿಲ್ಲ. ಯೂನಿಕ್ಸ್‌ಗೆ ಮೇಕ್‌ಫೈಲ್, ವಿಂಡೋಸ್‌ಗೆ ವಿಷುಯಲ್ ಸ್ಟುಡಿಯೋ ಪ್ರಾಜೆಕ್ಟ್ ಕಡತ ಎಂದು ಎರಡನ್ನೂ ಸಾಕಬೇಕಿತ್ತು. ಎರಡನೆಯದನ್ನು ಯಾರೋ ಸ್ವಯಂಸೇವಕರು ಒಮ್ಮೆ ಬರೆದು ಹೋಗುತ್ತಿದ್ದರು, ಹೊಸ ಆವೃತ್ತಿ ಬಂದಾಗ ಅದು ಹಳತಾಗಿರುತ್ತಿತ್ತು.

ಈ ಸಮಸ್ಯೆಗೆ ಉತ್ತರ ಬಂದದ್ದು ವೈದ್ಯಕೀಯ ಚಿತ್ರಗಳ ಕ್ಷೇತ್ರದಿಂದ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ನೆರವಿನ ಇನ್‌ಸೈಟ್ ಟೂಲ್‌ಕಿಟ್ ಎಲ್ಲ ಬಗೆಯ ಕಂಪ್ಯೂಟರುಗಳಲ್ಲೂ ಕಟ್ಟಬರುವಂತಿರಬೇಕಿತ್ತು. ಅದಕ್ಕಾಗಿ ಕಿಟ್‌ವೇರ್ ಸಂಸ್ಥೆ 2000ದ ಹೊತ್ತಿಗೆ ಸಿಮೇಕ್ ರೂಪಿಸಿತು. ಸಿಮೇಕ್ ತಾನೇ ಬಿಲ್ಡ್ ಮಾಡುವುದಿಲ್ಲ. ಒಂದೇ ವಿವರಣೆಯಿಂದ ವಿಂಡೋಸ್‌ನಲ್ಲಿ ವಿಷುಯಲ್ ಸ್ಟುಡಿಯೋ ಪ್ರಾಜೆಕ್ಟನ್ನೂ ಲಿನಕ್ಸ್‌ನಲ್ಲಿ ಮೇಕ್‌ಫೈಲನ್ನೂ ಹುಟ್ಟಿಸಿಕೊಡುತ್ತದೆ. 2006ರಲ್ಲಿ ಕೆಡಿಇ ಯೋಜನೆ ಇದನ್ನು ಅಪ್ಪಿಕೊಂಡ ಮೇಲೆ ಇದರ ಹರಡುವಿಕೆಗೆ ವೇಗ ಬಂತು. 2017ರ ವಿಷುಯಲ್ ಸ್ಟುಡಿಯೋ ಸಿಮೇಕ್ ಪ್ರಾಜೆಕ್ಟುಗಳನ್ನು ನೇರವಾಗಿ ತೆರೆಯತೊಡಗಿತು.

ಆದರೂ ಎಲ್ಲರೂ ಒಂದೇ ದಾರಿಗೆ ಬರಲಿಲ್ಲ. ಗೂಢಲಿಪೀಕರಣದ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ ಅನ್ನು ವಿಂಡೋಸ್‌ನಲ್ಲಿ ಕಟ್ಟಲು ಇಂದಿಗೂ ಪರ್ಲ್ ಬೇಕು, ಅಸೆಂಬ್ಲಿ ಭಾಗಕ್ಕೆ ನ್ಯಾಸ್ಮ್ ಬೇಕು, ಕೊನೆಗೆ ಮೈಕ್ರೋಸಾಫ್ಟ್‌ನ ಎನ್‌ಮೇಕ್ ಬೇಕು. ಸಿ++ ಲೈಬ್ರರಿಗಳ ಗುಚ್ಛವಾದ ಬೂಸ್ಟ್‌ಗೆ ಅದರದೇ ಬಿಲ್ಡ್ ಸಾಧನ ಬಿ2 ಇದೆ.

ಸೈಪೈ ಕಲಿಸಿದ ಪಾಠ

ಈ ಇಡೀ ಹೋರಾಟವನ್ನು ಒಂದೇ ಲೈಬ್ರರಿಯಲ್ಲಿ ನೋಡಬೇಕೆಂದರೆ ಸೈಪೈ ಸಾಕು. ವೈಜ್ಞಾನಿಕ ಲೆಕ್ಕಾಚಾರದ ಈ ಪೈಥಾನ್ ಲೈಬ್ರರಿ 2001ರಲ್ಲಿ ಹುಟ್ಟಿತು. ಇದರ ಒಡಲಲ್ಲಿ ಸಿ, ಸಿ++ ಜೊತೆಗೆ ದಶಕಗಳಷ್ಟು ಹಳೆಯ ಫೋರ್‌ಟ್ರಾನ್ ಕೋಡೂ ಇದೆ. ವಿಂಡೋಸ್ ಪೈಥಾನ್ ಮೈಕ್ರೋಸಾಫ್ಟ್ ಕಂಪೈಲರಿನಲ್ಲಿ ಕಟ್ಟಿದ್ದು. ಮೈಕ್ರೋಸಾಫ್ಟ್ ಫೋರ್‌ಟ್ರಾನ್ ಕಂಪೈಲರ್ ಕೊಡುವುದಿಲ್ಲ. ಉಚಿತವಾಗಿ ಸಿಗುತ್ತಿದ್ದ ಜಿಫೋರ್‌ಟ್ರಾನ್ ಮಿಂಗ್‌ಡಬ್ಲ್ಯೂ ಬಳಗದ್ದು. ಈ ಎರಡು ಹಾದಿಗಳು ಒಂದನ್ನೊಂದು ಸೇರದ ಜಾಗದಲ್ಲಿ ಸೈಪೈ ಸಿಕ್ಕಿಕೊಂಡಿತು.

ಆ ವರ್ಷಗಳಲ್ಲಿ ವಿಂಡೋಸ್ ಬಳಕೆದಾರರ ಕೈಹಿಡಿದವರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದ ಕ್ರಿಸ್ಟೋಫ್ ಗೋಲ್ಕೆ ಪ್ರಮುಖರು. ನೂರಾರು ಪೈಥಾನ್ ಲೈಬ್ರರಿಗಳನ್ನು ಅವರು ತಾವೇ ಕಟ್ಟಿ ಉಚಿತವಾಗಿ ಹಂಚಿದರು. 2012ರಲ್ಲಿ ಬಂದ ಕಾಂಡಾ ಸಿದ್ಧ ಪ್ಯಾಕೇಜುಗಳ ಇನ್ನೊಂದು ಆಸರೆಯಾಯಿತು. ಪೈಥಾನ್ 2.7ಕ್ಕೆ ಬೇಕಾದ 2008ರ ಕಂಪೈಲರನ್ನು ಮೈಕ್ರೋಸಾಫ್ಟ್ 2014ರಲ್ಲಿ ಪುಟ್ಟ ಉಚಿತ ಕಟ್ಟಾಗಿ ಬಿಡುಗಡೆ ಮಾಡಿತು. ಫೋರ್‌ಟ್ರಾನ್ ಭಾಗವನ್ನು ಜಿಫೋರ್‌ಟ್ರಾನ್‌ನಲ್ಲಿ ಪ್ರತ್ಯೇಕ ಡಿಎಲ್‌ಎಲ್ ಆಗಿ ಕಟ್ಟಿ, ಉಳಿದದ್ದನ್ನು ಮೈಕ್ರೋಸಾಫ್ಟ್ ಕಂಪೈಲರಿನಲ್ಲಿ ಕಟ್ಟಿ ಬೆಸೆಯುವ ಉಪಾಯ ಫಲಿಸಿದ ಮೇಲೆ, 2017ರ ಅಕ್ಟೋಬರಿನಲ್ಲಿ ಸೈಪೈ 1.0 ವಿಂಡೋಸ್‌ನ ಅಧಿಕೃತ ಸಿದ್ಧ ಕಟ್ಟಿನೊಂದಿಗೆ ಹೊರಬಂತು. ಅಂಥ ಸಿದ್ಧ ಕಟ್ಟಿಗೆ ಪೈಥಾನ್ ಬಳಗ 'ವೀಲ್' ಎನ್ನುತ್ತದೆ. ಇಂದು ಒಂದು ಆಜ್ಞೆಗೆ ಕ್ಷಣಾರ್ಧದಲ್ಲಿ ಸೈಪೈ ಸಿಗುತ್ತದೆ ಎಂದರೆ ಅದರ ಹಿಂದೆ ಹದಿನಾರು ವರ್ಷಗಳ ದುಡಿಮೆ ಇದೆ.

ಮೈಕ್ರೋಸಾಫ್ಟ್ ಬಾಗಿಲು ತೆರೆದಾಗ

ಸಿ ಮತ್ತು ಸಿ++ ಲೈಬ್ರರಿಗಳಿಗೆ ಅಂಥ ಅನುಕೂಲ ತಂದದ್ದು ವಿಸಿಪಿಕೆಜಿ. 2016ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಇದನ್ನು ಮುಕ್ತ ತಂತ್ರಾಂಶವಾಗಿ ಪ್ರಕಟಿಸಿತು. ಮೂಲ ಕೋಡನ್ನು ಎಲ್ಲಿಂದ ತರಬೇಕು, ಯಾವ ತಿದ್ದುಪಡಿ ಹಚ್ಚಬೇಕು, ಯಾವ ಕ್ರಮದಲ್ಲಿ ಕಟ್ಟಬೇಕು ಎಂಬುದನ್ನು ಪ್ರತಿ ಲೈಬ್ರರಿಗೂ 'ಪೋರ್ಟ್' ಎಂಬ ಪುಟ್ಟ ಕಡತಗಳಲ್ಲಿ ಬರೆದಿಡಲಾಗುತ್ತದೆ. ಬೇಕಾದ ಲೈಬ್ರರಿಯ ಹೆಸರು ಹೇಳಿದರೆ ಅದು ಆಧರಿಸಿದವನ್ನೆಲ್ಲ ಬಳಕೆದಾರರ ಯಂತ್ರದಲ್ಲೇ, ಅವರದೇ ಕಂಪೈಲರಿನಿಂದ ಕಟ್ಟಿಕೊಡುತ್ತದೆ. ಹಾಗಾಗಿ ರನ್‌ಟೈಮ್ ಜಗಳಕ್ಕೆ ಎಡೆಯಿಲ್ಲ. ಎರಡು ಸಾವಿರಕ್ಕೂ ಹೆಚ್ಚು ಲೈಬ್ರರಿಗಳ ವಿಧಾನ ಈಗ ಅದರಲ್ಲಿದೆ. ಅದೇ ವರ್ಷ ಬಂದ ಡಬ್ಲ್ಯೂಎಸ್‌ಎಲ್ ವಿಂಡೋಸ್‌ನೊಳಗೇ ಲಿನಕ್ಸ್ ನಡೆಸಲು ಅವಕಾಶ ಕೊಟ್ಟಿತು. ಅಲ್ಲಿ ಕಟ್ಟಿದ್ದು ಲಿನಕ್ಸ್ ಲೈಬ್ರರಿಯೇ ಹೊರತು ವಿಂಡೋಸ್ ಪ್ರೋಗ್ರಾಮಿಗೆ ಬಳಸುವಂಥದ್ದಲ್ಲ.

ಕಟ್ಟಿದ ಮೇಲೆ ಇಡುವುದೆಲ್ಲಿ ಎಂಬ ಪ್ರಶ್ನೆ ಮಾತ್ರ ಪೂರ್ತಿ ಬಗೆಹರಿದಿಲ್ಲ. ಸಿಮೇಕ್‌ನ ರೂಢಿಯ ಆಯ್ಕೆ ಪ್ರೋಗ್ರಾಂ ಫೈಲ್ಸ್. ಅಲ್ಲಿ ಬರೆಯಲು ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕು. ವಿಂಡೋಸ್ ಕಡತಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿಯಾದ 'ಪಾತ್'ನಲ್ಲಿ ಡಿಎಲ್‌ಎಲ್ ಫೋಲ್ಡರ್ ಸೇರಿಸುವ ಹಳೆಯ ರೂಢಿಯನ್ನು ಪೈಥಾನ್ 3.8 ತನ್ನ ವಿಸ್ತರಣೆಗಳ ಮಟ್ಟಿಗೆ ಸುರಕ್ಷತೆಯ ಕಾರಣಕ್ಕೆ ಕೈಬಿಟ್ಟಿತು. ಫೋಲ್ಡರನ್ನು ಈಗ ಕೋಡಿನಲ್ಲೇ ಹೆಸರಿಸಬೇಕು.

ಕನ್ನಡಕ್ಕೆ ಇದರ ನಂಟು

ಸಿದ್ಧ ಕಟ್ಟುಗಳ ಈ ಕಾಲದಲ್ಲಿ ಮೂಲದಿಂದ ಕಟ್ಟುವ ಗೊಡವೆ ಏಕೆ ಎಂಬ ಪ್ರಶ್ನೆಗೆ ಟೆಸರಾಕ್ಟ್ ಉತ್ತರ ಕೊಡುತ್ತದೆ. ಮುದ್ರಿತ ಪುಟದ ಚಿತ್ರದಿಂದ ಅಕ್ಷರ ಗುರುತಿಸುವ ಈ ತಂತ್ರಾಂಶವನ್ನು ಎಚ್‌ಪಿ 1980ರ ದಶಕದಲ್ಲಿ ಆರಂಭಿಸಿ, 2005ರಲ್ಲಿ ಮುಕ್ತಗೊಳಿಸಿತು. ಕನ್ನಡದ ತರಬೇತಿ ದತ್ತಾಂಶವೂ ಇದಕ್ಕಿದೆ. ಸುಮ್ಮನೆ ಬಳಸುವವರಿಗೆ ವಿಂಡೋಸ್‌ನ ಸಿದ್ಧ ಕಟ್ಟು ಸಾಕು. ಹಳೆಯ ಅಚ್ಚುಮೊಳೆಯ ಕನ್ನಡ ಪುಸ್ತಕಗಳಿಗೆಂದು ಅದನ್ನು ಮಾರ್ಪಡಿಸಿ ಕಟ್ಟಬೇಕೆಂದರೆ ಲೆಪ್ಟೋನಿಕಾ ಬೇಕು, ಅದರ ಬೆನ್ನಿಗೆ ಚಿತ್ರ ವಿನ್ಯಾಸಗಳ ಲೈಬ್ರರಿಗಳು ಬೇಕು. ತರಬೇತಿಯ ಸಾಧನಗಳಿಗೆ ಐಸಿಯು, ಪ್ಯಾಂಗೋ, ಕೈರೋ ಬೇಕು. ಪ್ಯಾಂಗೋ ಒಳಗೆ ಹಾರ್ಫ್‌ಬಜ್ ಕೂತು ಒತ್ತಕ್ಷರಗಳನ್ನು ಸರಿಯಾದ ಜಾಗಕ್ಕೆ ಇಳಿಸುತ್ತದೆ. ಈ ಸರಪಳಿಯನ್ನು ವಿಸಿಪಿಕೆಜಿ ಅಥವಾ ಎಂಸಿಸ್2 ಈಗ ಸಂಭಾಳಿಸುತ್ತವೆ. ಹಿಂದೆ ಒಂದೊಂದು ಕೊಂಡಿಯನ್ನೂ ಕೈಯಾರೆ ಬೆಸೆಯಬೇಕಿತ್ತು.

ಇಂಗ್ಲಿಷಿಗೆ ಬೇಕಾದದ್ದನ್ನು ಯಾರಾದರೂ ಕಟ್ಟಿಯೇ ಇಟ್ಟಿರುತ್ತಾರೆ. ಕನ್ನಡದ ತಿದ್ದುಪಡಿಯೊಂದನ್ನು ವಿಂಡೋಸ್‌ನಲ್ಲಿ ಕಟ್ಟಿ ಪರೀಕ್ಷಿಸುವ ಕೆಲಸ ಕನ್ನಡಿಗರದ್ದೇ. ಆದ್ದರಿಂದ ಕನ್ನಡಕ್ಕಾಗಿ ಮುಕ್ತ ತಂತ್ರಾಂಶ ಬರೆಯುವವರು ಕೋಡಿನ ಜೊತೆಗೆ ಯಾವ ಕಂಪೈಲರ್, ಯಾವ ಆವೃತ್ತಿಯ ಲೈಬ್ರರಿಗಳು, ಯಾವ ಆಯ್ಕೆಗಳು ಎಂಬ ಬಿಲ್ಡ್ ವಿಧಾನವನ್ನೂ ಪ್ರಕಟಿಸಬೇಕು. ಎಂಜಿನಿಯರಿಂಗ್ ಕಾಲೇಜುಗಳು ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಂದ ಒಂದಾದರೂ ಲೈಬ್ರರಿಯನ್ನು ಮೂಲದಿಂದ ಕಟ್ಟಿಸಬೇಕು. ಝೆಡ್‌ಲಿಬ್‌ನಂಥ ಚಿಕ್ಕ ಲೈಬ್ರರಿ ಅದಕ್ಕೆ ಒಳ್ಳೆಯ ಆರಂಭ. ಸಿಮೇಕ್ ಮತ್ತು ಉಚಿತ ವಿಷುಯಲ್ ಸ್ಟುಡಿಯೋ ಕಮ್ಯುನಿಟಿ ಆವೃತ್ತಿ ಇದ್ದರೆ ಒಂದು ತರಗತಿಯ ಅವಧಿಯಲ್ಲೇ ಅದನ್ನು ಕಟ್ಟಿ ಮುಗಿಸಬಹುದು.